ಮಗುವಿನ ಬೆಳವಣಿಗೆ ಬಗ್ಗೆ ಮನೆಯವರಿಗೆ ಹೇಗೆ ಹೇಳುವುದು? ಅಂಗನವಾಡಿ, ನರ್ಸರಿ ಟೀಚರ್‌ಗಳಿಗೆ ಒಂದು ಮಾರ್ಗದರ್ಶಿ

ಟೀಚರ್‌ಗಳ ತರಬೇತಿ ಎಲ್ಲೇ ನಡೆಯಲಿ, ಊಟದ ಬಿಡುವಿನಲ್ಲಿ ಯಾರಾದರೂ ಬಂದು ಕೇಳುವ ಪ್ರಶ್ನೆ ಒಂದಿದೆ. ‘ನಮ್ಮಲ್ಲಿ ಒಂದು ಮಗು ಇದೆ. ಮೂರು ವರ್ಷ ಆಯ್ತು, ಇನ್ನೂ ಮಾತಿಲ್ಲ. ಅವರಮ್ಮನಿಗೆ ಹೇಗೆ ಹೇಳೋದು ಮೇಡಂ?’ ಕೆಲವು ಸಲ ಮಾತಿನ ಬದಲು ಕಚ್ಚುವುದು, ಕೆಲವು ಸಲ ಅನ್ನ ಮುಟ್ಟದಿರುವುದು, ಕೆಲವು ಸಲ ಯಾರ ಜೊತೆಗೂ ಸೇರದಿರುವುದು. ಹೇಳುವ ಭಯ ಮಾತ್ರ ಎಲ್ಲರದ್ದೂ ಒಂದೇ.

ಆ ಭಯಕ್ಕೆ ಕಾರಣ ಇದೆ. ಅಂಗನವಾಡಿ ಟೀಚರ್ ಸಾಮಾನ್ಯವಾಗಿ ಅದೇ ಊರಿನವರು. ಇವತ್ತು ಮಾತು ಕೆಟ್ಟರೆ ನಾಳೆ ನಲ್ಲಿ ಹತ್ತಿರ ಅದೇ ಮುಖ ನೋಡಬೇಕು. ಖಾಸಗಿ ನರ್ಸರಿಯಲ್ಲಾದರೆ ‘ಮಗುವನ್ನು ಬಿಡಿಸಿಕೊಂಡು ಹೋದರೆ?’ ಎಂಬ ಚಿಂತೆ. ಆದರೆ ಸುಮ್ಮನಿದ್ದರೆ ನಷ್ಟ ಆಗುವುದು ಮಗುವಿಗೆ. ಮೊದಲ ಆರು ವರ್ಷ ಮಿದುಳು ತುಂಬಾ ಬೇಗ ಕಲಿಯುವ ಕಾಲ. ಕಿವಿ ಸರಿಯಾಗಿ ಕೇಳದ ಮಗುವಿಗೆ 1 ವರ್ಷದೊಳಗೆ ಶ್ರವಣ ಸಾಧನ ಸಿಕ್ಕರೆ ಮಾತು ಬರುವ ರೀತಿಯೇ ಬೇರೆ, 5 ವರ್ಷಕ್ಕೆ ಸಿಕ್ಕರೆ ಬರುವ ರೀತಿಯೇ ಬೇರೆ.

ಒಂದು ವಿಷಯ ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. ತೊಂದರೆಗೆ ಹೆಸರಿಡುವ ಕೆಲಸ ಡಾಕ್ಟರದ್ದು. ಕಂಡದ್ದನ್ನು ಕಂಡ ಹಾಗೆ ಹೇಳಿ, ಮಗುವನ್ನು ಡಾಕ್ಟರ ತನಕ ಮುಟ್ಟಿಸುವ ಕೆಲಸ ನಿಮ್ಮದು. ಹೀಗೆಂದುಕೊಂಡರೆ ಹೇಳುವ ಭಾರ ಅರ್ಧ ಇಳಿಯುತ್ತದೆ.

ಮೊದಲು ಇವು ಕೈಯಲ್ಲಿರಲಿ

ಒಂದು ನೋಟ್‌ಬುಕ್. ಮಗುವಿನ ತಾಯಿ ಕಾರ್ಡ್, ಅಂದರೆ ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡ್. ಎಷ್ಟನೇ ತಿಂಗಳಿಗೆ ಮಗು ಏನು ಮಾಡಬೇಕು ಎಂಬುದು ಅದರಲ್ಲೇ ಚಿತ್ರಗಳ ಜೊತೆ ಇರುತ್ತದೆ. ಬಹಳ ಮನೆಗಳಲ್ಲಿ ಲಸಿಕೆಯ ಪುಟ ಬಿಟ್ಟರೆ ಬೇರೆ ಪುಟ ತೆರೆದಿರುವುದಿಲ್ಲ. ಅಂಗನವಾಡಿಯವರಾದರೆ, ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ದಿವ್ಯಾಂಗ ಮಕ್ಕಳಿಗಾಗಿ ಹೊರಡಿಸಿದ ಅಂಗನವಾಡಿ ಪ್ರೋಟೋಕಾಲ್ ಅನ್ನು ನಿಮ್ಮ ಮೇಲ್ವಿಚಾರಕಿಯಿಂದ ಕೇಳಿ ಪಡೆಯಿರಿ. ಮಗುವನ್ನು ಗುರುತಿಸುವುದು, ಜೊತೆಗೆ ಸೇರಿಸಿಕೊಳ್ಳುವುದು, ಮುಂದಕ್ಕೆ ಕಳಿಸುವುದು ಎಂಬ ಮೂರು ಹೆಜ್ಜೆ ಅದರಲ್ಲಿವೆ. ‘ಇದೆಲ್ಲ ನಿಮಗ್ಯಾಕೆ?’ ಅಂತ ಯಾರಾದರೂ ಕೇಳಿದರೆ, ಇದು ನನ್ನ ಕೆಲಸದ ಭಾಗ ಅಂತ ಧೈರ್ಯವಾಗಿ ಹೇಳಬಹುದು.

ಹಂತ 1: ಎರಡು ವಾರ ನೋಡಿ, ಬರೆದಿಡಿ

ಒಂದು ದಿನದ ಅನುಮಾನ ಹಿಡಿದುಕೊಂಡು ಮನೆಯವರ ಹತ್ತಿರ ಹೋಗಬೇಡಿ. ಮಗುವಿಗೆ ಜ್ವರ ಬಂದು ಹೋಗಿರಬಹುದು, ತಂಗಿ ಹುಟ್ಟಿರಬಹುದು, ಅಪ್ಪ ಕೆಲಸಕ್ಕೆ ಬೇರೆ ಊರಿಗೆ ಹೋಗಿರಬಹುದು. ಎರಡು ವಾರ, ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ಆಟದಲ್ಲಿ, ಊಟದಲ್ಲಿ, ಹಾಡಿನಲ್ಲಿ, ಅಮ್ಮ ಬಿಟ್ಟು ಹೋಗುವಾಗ.

ಬರೆಯುವಾಗ ನಿಮ್ಮ ತೀರ್ಪು ಬೇಡ, ಕಂಡದ್ದು ಬೇಕು. ‘ತುಂಬಾ ಹಠಮಾರಿ’ ಅಂತ ಬರೆದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ:

‘ಸೋಮವಾರ, ಬೆಳಿಗ್ಗೆ 10.30. ಬ್ಲಾಕ್ ಜೋಡಿಸುತ್ತಿದ್ದ. ಹಿಂದಿನಿಂದ ಮೂರು ಸಲ ಹೆಸರು ಕರೆದೆ, ತಿರುಗಲಿಲ್ಲ. ತಟ್ಟೆ ಸದ್ದಾದಾಗ ತಿರುಗಿ ನೋಡಿದ.’

‘ಬುಧವಾರ, ಊಟದ ಹೊತ್ತು. ನೀರು ಬೇಕಾದಾಗ ನನ್ನ ಕೈ ಹಿಡಿದು ಎಳೆದು ಬಿಂದಿಗೆ ಮೇಲೆ ಇಟ್ಟ. ಬೆರಳು ತೋರಿಸಲಿಲ್ಲ, ಮುಖ ನೋಡಲಿಲ್ಲ, ಸದ್ದು ಮಾಡಲಿಲ್ಲ.’

ಇಂಥ ನಾಲ್ಕೈದು ಟಿಪ್ಪಣಿ ಹತ್ತು ಪುಟದ ವರದಿಗಿಂತ ಜಾಸ್ತಿ ಹೇಳುತ್ತವೆ. ಮಗು ಚೆನ್ನಾಗಿ ಮಾಡಿದ್ದನ್ನೂ ಬರೆಯಿರಿ. ಮುಂದೆ ಅದು ಬೇಕಾಗುತ್ತದೆ.

ಯಾವಾಗ ಚಿಂತಿಸಬೇಕು? ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿದ್ದರೆ. ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಬೇಕಾದ್ದನ್ನು ಬೆರಳಿನಿಂದ ತೋರಿಸದಿದ್ದರೆ. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ನೀರು ಬೇಕು’ ಎಂದು ಎರಡು ಪದ ಜೋಡಿಸದಿದ್ದರೆ. ಮೂರು ವರ್ಷಕ್ಕೆ ಮಗುವಿನ ಮಾತು ಹೊರಗಿನವರಿಗೆ ಹೆಚ್ಚುಕಡಿಮೆ ಅರ್ಥವೇ ಆಗದಿದ್ದರೆ. ಮಕ್ಕಳೆಲ್ಲ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ, ನಿಜ. ಆದರೆ ಈ ಗಡಿ ದಾಟಿದ ಮೇಲೆ ‘ನೋಡೋಣ’ ಅನ್ನುತ್ತಾ ಕೂರಬಾರದು.

ಕೆಲವಕ್ಕೆ ಎರಡು ವಾರವೂ ಕಾಯಬಾರದು. ಬರುತ್ತಿದ್ದ ಮಾತು ಅಥವಾ ನಡಿಗೆ ನಿಂತುಹೋದರೆ, ಯಾವ ವಯಸ್ಸಾದರೂ ಆ ವಾರವೇ ಡಾಕ್ಟರಿಗೆ ತೋರಿಸಬೇಕು. ಮಗು ಆಟದ ನಡುವೆ ಕೆಲವು ಸೆಕೆಂಡ್ ಶೂನ್ಯ ನೋಡುತ್ತಾ ನಿಂತು, ಕರೆದರೂ ಮುಟ್ಟಿದರೂ ಪ್ರತಿಕ್ರಿಯೆ ಇಲ್ಲದೆ, ಆಮೇಲೆ ಏನೂ ಆಗದ ಹಾಗೆ ಆಟ ಮುಂದುವರಿಸಿದರೆ ಅದು ಒಂದು ರೀತಿಯ ಫಿಟ್ಸ್ ಇರಬಹುದು. ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ. ನೆಲದಿಂದ ಏಳುವಾಗ ಕೈಗಳನ್ನು ಮೊಣಕಾಲು, ತೊಡೆ ಮೇಲೆ ಊರುತ್ತಾ ತನ್ನ ಮೈಯನ್ನೇ ಹತ್ತಿದ ಹಾಗೆ ಏಳುವ ಹುಡುಗನನ್ನು ‘ಸೋಮಾರಿ’ ಅನ್ನಬೇಡಿ, ಅದು ಸ್ನಾಯುವಿನ ಕಾಯಿಲೆಯ ಲಕ್ಷಣ ಆಗಿರಬಹುದು. 6 ತಿಂಗಳಿಂದ 5 ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದ ಊದಿ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿದ್ದರೆ ಅದು ತೀವ್ರ ಅಪೌಷ್ಟಿಕತೆ. ಇದಕ್ಕೂ ತಡ ಮಾಡುವಂತಿಲ್ಲ.

ಹಂತ 2: ಬೇರೆ ಕಾರಣ ಇದೆಯಾ ನೋಡಿ

ಕರ್ನಾಟಕದ ಅಂಗನವಾಡಿಗಳಲ್ಲಿ ಮನೆಮಾತು ಕನ್ನಡ ಅಲ್ಲದ ಮಕ್ಕಳು ಬೇಕಾದಷ್ಟು. ತುಳು, ಕೊಂಕಣಿ, ಲಂಬಾಣಿ, ಉರ್ದು, ತೆಲುಗು. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಾದರೆ ಹಿಂದಿ, ಬಂಗಾಳಿ. ಹೊಸ ಭಾಷೆಯ ಜಾಗಕ್ಕೆ ಬಂದ ಮಗು ಕೆಲವು ತಿಂಗಳು ಮೌನವಾಗಿರುವುದು ಸಹಜ. ಮನೆಯಲ್ಲಿ ತನ್ನ ಭಾಷೆಯಲ್ಲಿ ಚೆನ್ನಾಗಿ ಮಾತಾಡುತ್ತಿದ್ದರೆ ಅದು ಮಾತಿನ ತೊಂದರೆ ಅಲ್ಲ. ಎರಡೂ ಕಡೆ ಮಾತಿಲ್ಲದಿದ್ದರೆ ಗಮನ ಕೊಡಬೇಕು. ಅದಕ್ಕೆ ಪರಿಹಾರ ಅಂತ ‘ಮನೆಯಲ್ಲೂ ಕನ್ನಡವನ್ನೇ ಮಾತಾಡಿ’ ಅಥವಾ ‘ಇಂಗ್ಲಿಷೇ ಮಾತಾಡಿ’ ಅಂತ ಹೇಳಬೇಡಿ. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡ ಆಗುವುದಿಲ್ಲ. ಅಮ್ಮನಿಗೆ ಸಲೀಸಾದ ಭಾಷೆಯನ್ನು ಕಿತ್ತುಕೊಂಡರೆ ಮಗುವಿಗೆ ಸಿಗುವ ಮಾತೇ ಕಡಿಮೆ ಆಗುತ್ತದೆ.

ಇನ್ನೊಂದು, ಕಿವಿ. ಪದೇ ಪದೇ ನೆಗಡಿ ಆಗುವ ಮಕ್ಕಳಲ್ಲಿ ಕಿವಿಯ ಪರದೆಯ ಹಿಂದೆ ದ್ರವ ತುಂಬಿಕೊಂಡು ಒಂದು ವಾರ ಕೇಳುತ್ತದೆ, ಒಂದು ವಾರ ಮಂದ ಆಗುತ್ತದೆ. ‘ಬೇಕಾದಾಗ ಕೇಳಿಸುತ್ತೆ, ನಾಟಕ ಆಡ್ತಾನೆ’ ಎಂದು ಬೈಸಿಕೊಳ್ಳುವ ಮಕ್ಕಳಲ್ಲಿ ಇವರೂ ಇರುತ್ತಾರೆ. ತಟ್ಟೆ ಸದ್ದಿಗೆ ತಿರುಗಿದ ಮಾತ್ರಕ್ಕೆ ಕಿವಿ ಸರಿ ಇದೆ ಅಂದುಕೊಳ್ಳಬೇಡಿ. ಜೋರು ಸದ್ದು ಕೇಳಿಸಿ, ಮಾತಿನ ಸಣ್ಣ ಧ್ವನಿಗಳು ಕೇಳಿಸದೆ ಇರಬಹುದು.

ಸಹಾಯಕಿಯನ್ನೂ ಒಂದು ಮಾತು ಕೇಳಿ. ಊಟ ಬಡಿಸುವವರಿಗೆ ನಿಮಗೆ ಕಾಣದ್ದು ಕಂಡಿರುತ್ತದೆ. ಆದರೆ ಈ ಮಾತು ನಿಮ್ಮಿಬ್ಬರ ನಡುವೆಯೇ ಇರಲಿ.

ಹಂತ 3: ಎಲ್ಲಿಗೆ ಕಳಿಸಬೇಕು ಅಂತ ಮೊದಲೇ ತಿಳಿದುಕೊಳ್ಳಿ

ಸುಮಾರು ಜನ ಟೀಚರ್‌ಗಳು ಎಡವುವುದು ಇಲ್ಲೇ. ಚಿಂತೆ ಹೇಳಿ ಮುಗಿಸುತ್ತಾರೆ, ‘ಹಾಗಾದ್ರೆ ಏನು ಮಾಡ್ಬೇಕು?’ ಅಂತ ತಾಯಿ ಕೇಳಿದರೆ ಉತ್ತರ ಇರುವುದಿಲ್ಲ. ದಾರಿ ತೋರಿಸದೆ ಭಯ ಮಾತ್ರ ಕೊಟ್ಟು ಕಳಿಸುವುದು ತುಂಬಾ ಕಷ್ಟ ಕೊಡುವ ಕೆಲಸ.

ಹತ್ತಿರದ ದಾರಿ ಎಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಎಲ್ಲರೂ ಆರ್‌ಬಿಎಸ್‌ಕೆ ಅನ್ನುತ್ತಾರೆ. 2013ರಲ್ಲಿ ಶುರುವಾಯಿತು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಉಚಿತ ತಪಾಸಣೆ. ಇದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ಬರುವ ದಿನ ಗೊತ್ತಿದ್ದರೆ ಆ ಮಗು ಅವತ್ತು ತಪ್ಪದೆ ಬರುವ ಹಾಗೆ ನೋಡಿಕೊಳ್ಳಿ, ನಿಮ್ಮ ಟಿಪ್ಪಣಿ ತೋರಿಸಿ. ಅವರು ಮುಂದೆ ಕಳಿಸುವುದು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ. ಹೆಸರು ಉದ್ದ, ಬಾಯಿಮಾತಿನಲ್ಲಿ ಡಿಇಐಸಿ. ಮಕ್ಕಳ ಡಾಕ್ಟರು, ಕಿವಿ ಪರೀಕ್ಷೆ, ಮಾತಿನ ತರಬೇತಿ, ಫಿಸಿಯೋಥೆರಪಿ ಎಲ್ಲ ಒಂದೇ ಕಡೆ ಸಿಗಲಿ ಎಂದು ಮಾಡಿದ ಜಾಗ ಅದು. ತಂಡ ಬರುವುದು ದೂರ ಇದ್ದರೆ ಕಾಯಬೇಡಿ. ಆಶಾ ಕಾರ್ಯಕರ್ತೆ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಖಾಸಗಿ ನರ್ಸರಿಯವರು ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಅಥವಾ ಮಗುವಿಗೆ ಲಸಿಕೆ ಹಾಕುವ ಡಾಕ್ಟರಿಗೆ ತೋರಿಸಲು ಹೇಳಬಹುದು.

ಮಾತು, ಕಿವಿಯ ವಿಷಯಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ವರ್ತನೆ, ಬುದ್ಧಿ ಬೆಳವಣಿಗೆಯ ವಿಷಯಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್.

ಬೆರಾ ಪರೀಕ್ಷೆ ಎಂಬ ಹೆಸರು ಕೇಳಿಯೇ ತಾಯಂದಿರು ಹೆದರುತ್ತಾರೆ. ಮಗು ಮಲಗಿರುವಾಗ ತಲೆಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ಆ ಸದ್ದು ನರದ ಮೂಲಕ ಮಿದುಳಿಗೆ ಹೋಗುತ್ತಿದೆಯಾ ಎಂದು ನೋಡುತ್ತಾರೆ, ಅಷ್ಟೇ. ನೋವಿಲ್ಲ, ಕರೆಂಟ್ ಕೊಡುವುದಿಲ್ಲ. ಇದನ್ನು ಮೊದಲೇ ಹೇಳಿದರೆ ಅರ್ಧ ದಾರಿಯಿಂದ ವಾಪಸ್ ಬರುವವರು ಕಡಿಮೆ ಆಗುತ್ತಾರೆ.

ಹಂತ 4: ಹೊತ್ತು, ಜಾಗ, ಜನ

ಗೇಟಿನ ಹತ್ತಿರ ಬೇಡ. ಆಹಾರದ ಪ್ಯಾಕೆಟ್ ಹಂಚುವಾಗ ಬೇಡ. ತಾಯಂದಿರ ಸಭೆಯಲ್ಲಂತೂ ಬೇಡವೇ ಬೇಡ. ವಾಟ್ಸಾಪ್ ಗ್ರೂಪಿನಲ್ಲಿ ಒಂದು ಅಕ್ಷರವೂ ಬೇಡ, ಮಗುವಿನ ವಿಡಿಯೋ ಹಾಕುವ ಮಾತಂತೂ ಇಲ್ಲ.

ಮಕ್ಕಳು ಮನೆಗೆ ಹೋದ ಮೇಲೆ ಅರ್ಧ ಗಂಟೆ ಕೂರಲು ಹೇಳಿ. ‘ನಾಳೆ ನಿಮ್ಮ ಜೊತೆ ಒಂದು ವಿಷಯ ಮಾತಾಡಬೇಕು’ ಎಂದು ಹೇಳಿ ಬಿಟ್ಟರೆ ಆ ತಾಯಿ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ಅದರ ಬದಲು ‘ಮಗು ಇಲ್ಲಿ ಹೇಗೆ ಆಡ್ತಾನೆ, ಮನೇಲಿ ಹೇಗೆ ಆಡ್ತಾನೆ ಅಂತ ಸ್ವಲ್ಪ ಮಾತಾಡೋಣ, ನಾಳೆ ಮಧ್ಯಾಹ್ನ ಬರ್ತೀರಾ?’ ಎನ್ನಿ.

ಸಾಧ್ಯವಾದರೆ ಅಪ್ಪ ಅಮ್ಮ ಇಬ್ಬರನ್ನೂ ಕರೆಯಿರಿ. ಕೇಳಿದ್ದನ್ನು ಮನೆಗೆ ಹೋಗಿ ವಿವರಿಸುವ ಕೆಲಸ ತಾಯಿಯೊಬ್ಬಳ ಮೇಲೆ ಬಿದ್ದರೆ, ಬೈಗುಳವೂ ಅವಳೊಬ್ಬಳ ಮೇಲೇ ಬೀಳುತ್ತದೆ. ಮನೆಯಲ್ಲಿ ಅಜ್ಜಿಯ ಮಾತು ನಡೆಯುವುದಾದರೆ ಅಜ್ಜಿಯೂ ಬರಲಿ. ಆದರೆ ಯಾರನ್ನು ಕರೆದುಕೊಂಡು ಬರಬೇಕು ಎಂಬುದನ್ನು ತಾಯಿಯೇ ತೀರ್ಮಾನಿಸಲಿ.

ಹಂತ 5: ಮಾತು

ಕುರ್ಚಿ ಮೇಲೆ ನೀವು, ಚಾಪೆ ಮೇಲೆ ಅವರು ಆಗಬಾರದು. ಜೊತೆಯಲ್ಲೇ ಕೂತುಕೊಳ್ಳಿ.

ಮೊದಲು ಕೇಳಿ, ಆಮೇಲೆ ಹೇಳಿ. ‘ಮನೇಲಿ ಅವನಿಗೆ ಏನಾದ್ರೂ ಬೇಕಾದ್ರೆ ಹೇಗೆ ಕೇಳ್ತಾನೆ?’ ‘ಅಕ್ಕಪಕ್ಕದ ಮಕ್ಕಳ ಜೊತೆ ಆಡ್ತಾನಾ?’ ‘ನಿಮಗೇನಾದ್ರೂ ಅನಿಸಿದೆಯಾ?’ ಈ ಕೊನೆಯ ಪ್ರಶ್ನೆ ಕೇಳಿ, ಸುಮ್ನೆ ಕಾಯಿರಿ. ಎಷ್ಟೋ ತಾಯಂದಿರು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದನ್ನು ಇಲ್ಲಿ ಹೇಳುತ್ತಾರೆ. ‘ನಂಗೂ ಅನ್ಸಿತ್ತು, ಮನೇಲಿ ಯಾರೂ ಒಪ್ಪಲಿಲ್ಲ.’ ಅವರೇ ಬಾಯಿ ಬಿಟ್ಟರೆ ನಿಮ್ಮ ಕೆಲಸ ಹಗುರ.

ಆಮೇಲೆ ಮಗುವಿನ ಬಗ್ಗೆ ನಿಜವಾದ ಒಂದು ಒಳ್ಳೆಯ ಮಾತು. ‘ತುಂಬಾ ಒಳ್ಳೆ ಮಗು’ ಅನ್ನುವುದು ಯಾರಿಗೂ ತಾಗುವುದಿಲ್ಲ. ‘ಚಿತ್ರದ ತುಂಡು ಜೋಡಿಸೋದ್ರಲ್ಲಿ ಅವನಷ್ಟು ಬೇಗ ಯಾರೂ ಇಲ್ಲ’ ಅಂದರೆ, ಇವರು ನನ್ನ ಮಗನನ್ನು ಸರಿಯಾಗಿ ನೋಡಿದ್ದಾರೆ ಎಂದು ತಾಯಿಗೆ ಗೊತ್ತಾಗುತ್ತದೆ.

ನಂತರ ನೋಟ್‌ಬುಕ್ ತೆಗೆದು, ಕಂಡದ್ದನ್ನು ಓದಿ. ಎರಡೋ ಮೂರೋ ಸಾಕು. ಪಟ್ಟಿ ಓದಿದರೆ ದೂರು ಕೊಟ್ಟ ಹಾಗಾಗುತ್ತದೆ. ಮಾತು ಹೀಗೆ ಹೋಗಬಹುದು:

‘ಹಿಂದಿನಿಂದ ಕರೆದಾಗ ಅವನು ತಿರುಗಿದ್ದು ಕಡಿಮೆ. ಈ ಎರಡು ವಾರದಲ್ಲಿ ನಾನು ಬರೆದಿಟ್ಟುಕೊಂಡೆ. ಮನೇಲೂ ಹಾಗೆ ಆಗುತ್ತಾ?’

‘ಟಿವಿ ಹಾಡು ಬಂದ್ರೆ ಓಡಿ ಬರ್ತಾನಲ್ಲ ಟೀಚರ್.’

‘ಹೌದು, ಇಲ್ಲೂ ತಟ್ಟೆ ಸದ್ದಿಗೆ ತಿರುಗಿದ. ಕೆಲವು ಸದ್ದು ಕೇಳ್ಸುತ್ತೆ, ಕೆಲವು ಕೇಳ್ಸಲ್ವೇನೋ ಅಂತ ನಂಗೆ ಅನುಮಾನ. ಯಾಕೆ ಅಂತ ನಂಗೆ ಗೊತ್ತಿಲ್ಲ, ಅದನ್ನ ಡಾಕ್ಟ್ರೇ ಹೇಳ್ಬೇಕು. ಮೊದಲು ಕಿವಿ ಒಂದು ತೋರಿಸ್ಕೊಂಡು ಬರೋಣ್ವಾ?’

ಗಮನಿಸಿ, ತಾಯಿ ಹೇಳಿದ್ದನ್ನು ಟೀಚರ್ ತಳ್ಳಿಹಾಕಲಿಲ್ಲ, ತನ್ನ ಟಿಪ್ಪಣಿಗೆ ಸೇರಿಸಿಕೊಂಡರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು. ಕೇಳಿದ್ದು ಒಂದೇ ಒಂದು ಹೆಜ್ಜೆ. ಕಿವಿ, ಮಾತು, ವರ್ತನೆ, ಬುದ್ಧಿ ಎಲ್ಲದರ ಪರೀಕ್ಷೆಯನ್ನೂ ಒಂದೇ ದಿನ ಹೇಳಿದರೆ ಮನೆಯವರು ಒಂದನ್ನೂ ಮಾಡಿಸುವುದಿಲ್ಲ.

ಬಾಯಿಗೆ ಬರಬಾರದ ಮಾತುಗಳಿವೆ. ‘ಮಂದಬುದ್ಧಿ’, ‘ಮೂಗ’, ‘ನಾರ್ಮಲ್ ಅಲ್ಲ’ ಬೇಡ. ‘ಆಟಿಸಂ ಇರಬೇಕು’ ಬೇಡ, ನಿಮಗೆ ಎಷ್ಟೇ ಖಾತ್ರಿ ಅನಿಸಿದರೂ. ‘ನಿಮ್ಮ ಅಕ್ಕನ ಮಗ ಇಷ್ಟೊತ್ತಿಗೆ ಶ್ಲೋಕ ಹೇಳ್ತಿದ್ದ’ ಬೇಡ. ‘ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಗಿದ್ದು’ ಅಂತೂ ಬೇಡ. ಮೊಬೈಲ್ ಕಡಿಮೆ ಮಾಡಬೇಕು, ನಿಜ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಚಿಕ್ಕವರಿಗೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆದರೆ ಮೊದಲ ಮಾತಿನಲ್ಲೇ ತಪ್ಪು ಹೊರಿಸಿದರೆ ಎರಡನೇ ಮಾತು ಕೇಳಲು ಅವರು ಬರುವುದಿಲ್ಲ. ಇನ್ನು ನಾಲ್ಕೈದು ವರ್ಷದ ಮಗು ಅಕ್ಷರ ತಿರುಗಿಸಿ ಬರೆಯುತ್ತದೆ ಎಂದು ‘ಡಿಸ್ಲೆಕ್ಸಿಯಾ’ ಅನ್ನುವ ನರ್ಸರಿ ಟೀಚರ್‌ಗಳೂ ಇದ್ದಾರೆ. ಆ ವಯಸ್ಸಿನಲ್ಲಿ ಅಕ್ಷರ ತಿರುಗುವುದು ಮಾಮೂಲು. ಕಲಿಕೆಯ ತೊಂದರೆಯನ್ನು ಖಚಿತವಾಗಿ ಹೇಳುವುದು ಒಂದನೇ, ಎರಡನೇ ತರಗತಿ ಕಳೆದ ಮೇಲೆಯೇ.

ಹಂತ 6: ‘ಅವರಪ್ಪನೂ ಹಾಗೇ ಇದ್ದ’

ಈ ಮಾತು ಬಂದೇ ಬರುತ್ತದೆ. ವಾದ ಮಾಡಬೇಡಿ. ‘ಇರಬಹುದು. ತೋರಿಸಿದ್ರೆ ನಷ್ಟ ಏನಿಲ್ಲ ಅಲ್ವಾ? ಎಲ್ಲ ಸರಿ ಇದೆ ಅಂದ್ರೆ ನನಗಿಂತ ಖುಷಿ ಯಾರಿಗೆ?’ ಅಷ್ಟೇ ಸಾಕು.

‘ಬಜೆ ತೇಯ್ದು ಹಚ್ಚುತ್ತಿದ್ದೀವಿ, ಮಾತು ಬರುತ್ತೆ’ ಅನ್ನುವವರಿದ್ದಾರೆ. ಹರಕೆ ಹೊತ್ತವರಿದ್ದಾರೆ. ದೃಷ್ಟಿ ಅನ್ನುವವರಿದ್ದಾರೆ. ಅವರ ನಂಬಿಕೆಯನ್ನು ಹೀಯಾಳಿಸಿದರೆ ಬಾಗಿಲು ಮುಚ್ಚಿದ ಹಾಗೆ. ಹರಕೆ ತೀರಿಸಲಿ, ಕಿವಿಯೂ ತೋರಿಸಲಿ. ಆದರೆ ಮಗುವಿಗೆ ಬರೆ ಹಾಕುವುದು, ಸಿಕ್ಕ ಸಿಕ್ಕ ಔಷಧಿ ಕುಡಿಸುವುದು ಕಂಡರೆ ಅದು ಅಪಾಯ ಎಂದು ನೇರವಾಗಿಯೇ ಹೇಳಿ.

ಅತ್ತರೆ ಅಳಲು ಬಿಡಿ. ‘ಏನೂ ಆಗಲ್ಲ, ಸರಿ ಹೋಗುತ್ತೆ’ ಎಂದು ಭರವಸೆ ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ‘ನಾನಿದ್ದೀನಿ, ಒಟ್ಟಿಗೆ ನೋಡೋಣ’ ಅನ್ನುವುದು ನಿಮ್ಮ ಕೈಯಲ್ಲಿದೆ. ಸಿಟ್ಟು ಮಾಡಿ ಎದ್ದು ಹೋದರೆ ಹಿಂದೆ ಹೋಗಬೇಡಿ. ಮಾರನೇ ದಿನ ಮಗುವನ್ನು ಎಂದಿನಂತೆ ನಗುತ್ತಾ ಕರೆದುಕೊಳ್ಳಿ. ಎರಡು ಮೂರು ವಾರ ಬಿಟ್ಟು ಮತ್ತೆ ಮಾತಾಡಿ. ಒಂದೇ ಸಲಕ್ಕೆ ಒಪ್ಪುವವರು ಕಡಿಮೆ. ಮೊದಲ ಸಲ ಬೇಡ ಅಂದವರು ಕೊನೆಗೂ ಬೇಡ ಅಂದರು ಎಂದು ಬರೆದು ಮುಚ್ಚಬೇಡಿ.

ತಪ್ಪೆಲ್ಲ ತಾಯಿ ಮೇಲೆ ಹಾಕುವ ಮನೆಗಳಿವೆ. ‘ಬಸುರಿಯಲ್ಲಿ ಸರಿಯಾಗಿ ತಿನ್ನಲಿಲ್ಲ’, ‘ಅವಳಿಗೆ ಮಗು ನೋಡೋಕೆ ಬರಲ್ಲ.’ ಅಲ್ಲಿ ನೀವು ಸುಮ್ಮನಿರಬಾರದು. ‘ಇದರಲ್ಲಿ ಯಾರದ್ದೂ ತಪ್ಪಿಲ್ಲ, ತೋರಿಸೋಕೆ ಅಂತ ಬಂದಿರೋದು ಅವರೇ’ ಎಂದು ಎಲ್ಲರ ಎದುರಿಗೆ ಹೇಳಿ.

ಹಂತ 7: ಚೀಟಿ, ಒಂದು ದಿನ, ಜೊತೆ

ಮಾತು ಮುಗಿಯುವ ಮುಂಚೆ ಕೈಗೆ ಒಂದು ಚೀಟಿ ಕೊಡಿ. ಮಗುವಿನ ಹೆಸರು, ವಯಸ್ಸು, ನೀವು ಕಂಡ ಮೂರು ವಿಷಯ, ‘ದಯವಿಟ್ಟು ಕಿವಿ ಪರೀಕ್ಷೆ ಮಾಡಿ’ ಎಂಬ ಸಾಲು, ನಿಮ್ಮ ಸಹಿ. ಆಸ್ಪತ್ರೆಯಲ್ಲಿ ಗಡಿಬಿಡಿಯ ನಡುವೆ ತಾಯಿಗೆ ಎಲ್ಲ ಹೇಳಲು ಆಗುವುದಿಲ್ಲ. ಮನೆಯವರಿಗೆ ಒಪ್ಪಿಗೆ ಇದ್ದರೆ, ಮಗು ಆಡುವಾಗ ಅವರ ಫೋನಿನಲ್ಲೇ ಒಂದು ನಿಮಿಷದ ವಿಡಿಯೋ ತೆಗೆದುಕೊಳ್ಳಲು ಹೇಳಿ. ಡಾಕ್ಟರ ಕೋಣೆಯಲ್ಲಿ ಮಗು ಹೆದರಿ ಕೂತುಬಿಟ್ಟರೆ ಅದು ಉಪಯೋಗಕ್ಕೆ ಬರುತ್ತದೆ.

ಆಸ್ಪತ್ರೆಗೆ ಹೋಗುವುದೆಂದರೆ ಕೂಲಿಯವರಿಗೆ ಒಂದು ದಿನದ ಸಂಬಳ ಹೋದ ಹಾಗೆ. ಒಂದು ದಾಖಲೆ ಬಿಟ್ಟುಹೋಗಿ ವಾಪಸ್ ಬಂದರೆ ಎರಡನೇ ಸಲ ಹೋಗುವುದು ಕಷ್ಟ. ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು ಎಲ್ಲ ಒಂದು ಕವರಿಗೆ ಹಾಕಿಸಿ. ಯಾವ ದಿನ ಯಾವ ಡಾಕ್ಟರು ಇರುತ್ತಾರೆ ಎಂದು ಮೊದಲೇ ಫೋನ್ ಮಾಡಿ ಕೇಳಿ. ಆಶಾ ಜೊತೆಗೆ ಹೋಗಲು ಆಗುತ್ತದಾ ವಿಚಾರಿಸಿ. ಹೋಗುವ ದಿನ ಗೊತ್ತುಮಾಡಿ, ಬಂದ ಮೇಲೆ ‘ಏನಂದ್ರು?’ ಅಂತ ನೀವೇ ಕೇಳಿ.

ಅಲ್ಲಿಯ ತನಕ ನಿಮ್ಮ ಕೋಣೆಯಲ್ಲಿ ಮಾಡಬಹುದಾದ್ದು ತುಂಬಾ ಇದೆ. ಮಗುವನ್ನು ನಿಮ್ಮ ಹತ್ತಿರ ಕೂರಿಸಿ. ಮುಖ ನೋಡಿ ಮಾತಾಡಿ, ಸಣ್ಣ ವಾಕ್ಯ, ಜೊತೆಗೆ ಕೈ ಸನ್ನೆ. ಮುಂದೇನು ಅಂತ ಚಿತ್ರ ತೋರಿಸಿ. ವರದಿ ಬರುವ ತನಕ ಮಗುವನ್ನು ಮೂಲೆಯಲ್ಲಿ ಕೂರಿಸುವುದಾಗಲಿ, ‘ಸರಿ ಹೋದ ಮೇಲೆ ಕಳಿಸಿ’ ಅನ್ನುವುದಾಗಲಿ ಮಾಡಬೇಡಿ. ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ದೂರ ಇಡಬಾರದು ಎನ್ನುವ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಅಂಗವೈಕಲ್ಯದ ಪ್ರಮಾಣಪತ್ರ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ವಿಷಯ ಡಾಕ್ಟರು ಖಚಿತಪಡಿಸಿದ ಮೇಲೆ ಹೇಳಿದರೆ ಸಾಕು, ಮೊದಲ ದಿನವೇ ಬೇಡ.

ದೌರ್ಜನ್ಯದ ಅನುಮಾನ ಬಂದರೆ ದಾರಿ ಬೇರೆ

ಮೇಲೆ ಹೇಳಿದ್ದೆಲ್ಲ ಬೆಳವಣಿಗೆಯ ವಿಷಯಕ್ಕೆ. ಮಗುವಿನ ಮೈಮೇಲೆ ವಿವರಣೆಗೆ ಹೊಂದದ ಗಾಯ, ಸುಟ್ಟ ಗುರುತು, ಗುಪ್ತಾಂಗದಲ್ಲಿ ನೋವು ಕಂಡರೆ, ಅಥವಾ ಮಗುವೇ ಏನಾದರೂ ಹೇಳಿದರೆ, ಮೊದಲು ಮನೆಯವರನ್ನು ಕೂರಿಸಿ ಮಾತಾಡುವ ಈ ಕ್ರಮ ಬಳಸಬೇಡಿ. ತೊಂದರೆ ಕೊಡುವವರು ಮನೆಯಲ್ಲೇ ಇದ್ದರೆ ಮಗುವಿಗೆ ಇನ್ನೂ ಅಪಾಯ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಳ್ಳಿ. ಪದೇ ಪದೇ ಕೇಳಬೇಡಿ, ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ, ನಡೆಯಬಹುದು ಎಂಬ ಭಯ ಇದ್ದರೆ, ಪೋಕ್ಸೋ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಆಗಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸ್ ಹಾಕುವಂತಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ನಿಮ್ಮ ಮೇಲ್ವಿಚಾರಕಿಗೋ ಶಾಲೆಯ ಮುಖ್ಯಸ್ಥರಿಗೋ ತಿಳಿಸಿ, ಆದರೆ ಅವರಿಗೆ ಹೇಳಿದ್ದೇ ಸಾಕು ಅಂತ ಬಿಡಬೇಡಿ, ಪೊಲೀಸರಿಗೆ ವಿಷಯ ಮುಟ್ಟಿತಾ ನೋಡಿ. ಮಗುವಿನ ಹೆಸರು ಬೇರೆ ಯಾರ ಕಿವಿಗೂ ಬೀಳಬಾರದು. ಯಾವ ದಿನ, ಎಷ್ಟು ಹೊತ್ತಿಗೆ, ಯಾರಿಗೆ ತಿಳಿಸಿದಿರಿ ಎಂಬುದನ್ನು ಬರೆದು, ಸಹಿ ಹಾಕಿ, ಒಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.